ಉಳುವವನೊಬ್ಬ, ಉತಾರದಲ್ಲಿ ಇನ್ನೊಬ್ಬ: ಹೊಸ ಸರ್ಕಾರಕ್ಕೆ ಮಾನ್ಯತೆ ಎಂದರೆ ಏನು?

ದೀಪಾವಳಿ ಹತ್ತಿರ ಬಂದಾಗ ಹುಬ್ಬಳ್ಳಿಯ ದುರ್ಗದಬೈಲಿನ ಬಳಿ ಒಣಹಣ್ಣಿನ ಅಂಗಡಿಯೊಂದಕ್ಕೆ ಹೋಗುವುದು ನನ್ನ ರೂಢಿ. ಅಂಜೂರ, ಒಣದ್ರಾಕ್ಷಿ, ಮನೆಗೆ ವರ್ಷಕ್ಕಾಗುವಷ್ಟು ಇಂಗು. 2025ರ ಅಕ್ಟೋಬರ್‌ನಲ್ಲಿ ಹೋದಾಗ ಅಂಗಡಿಯ ಟಿ.ವಿ.ಯಲ್ಲಿ ಅಫ್ಗಾನಿಸ್ತಾನದ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದಿಲ್ಲಿಯಲ್ಲಿ ನಮ್ಮ ಸಚಿವ ಜೈಶಂಕರ್ ಎದುರು ಕೂತಿದ್ದರು. ಮಾಲೀಕರು ಅಂಜೂರದ ಸರ ಕೈಯಲ್ಲಿ ಹಿಡಿದೇ ಕೇಳಿದರು: "ಸರ, ಇವರನ್ನ ನಾವು ಒಪ್ಪೇವೋ ಇಲ್ಲೋ? ಒಪ್ಪಿಲ್ಲ ಅಂದ್ರ ಕರದು ಚಾ ಕುಡಿಸಿದ್ದು ಯಾಕ? ಒಪ್ಪೇವಿ ಅಂದ್ರ ಬಾಯಿ ಬಿಟ್ಟು ಹೇಳಾಕ ಏನ್ ತ್ರಾಸ?"

ಆವತ್ತು ಏನೋ ಅರ್ಧಂಬರ್ಧ ಹೇಳಿ ಬಂದೆ. ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ.

ನಮ್ಮ ಕಡೆಯವರಿಗೆ ಇದನ್ನು ಹೊಲದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹೊಲ ಉಳುವವ ಒಬ್ಬ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಇನ್ನೊಬ್ಬರದು. ಇಂಥ ಹೊಲ ಪ್ರತಿ ಊರಲ್ಲೂ ಒಂದೆರಡು ಇರುತ್ತವೆ. ಕಬ್ಜೆಯಲ್ಲಿ ಇರುವವನು ಬಿತ್ತುತ್ತಾನೆ, ಬೆಳೆಯುತ್ತಾನೆ, ಮಾರುತ್ತಾನೆ. ಆದರೆ ಸೊಸೈಟಿ ಸಾಲ, ಬೆಳೆ ವಿಮೆ, ಸರ್ಕಾರದ ಪರಿಹಾರ ಎಲ್ಲ ಬರುವುದು ಉತಾರದಲ್ಲಿ ಹೆಸರಿದ್ದವನಿಗೆ. ಕಬ್ಜೆ ಮತ್ತು ಉತಾರ ಒಂದೇ ಕೈಯಲ್ಲಿ ಇದ್ದರೆ ಜಗಳವಿಲ್ಲ. ಬೇರೆ ಬೇರೆ ಆದಾಗ ಇಬ್ಬರಿಗೂ ನಿದ್ದೆ ಇಲ್ಲ.

ದೇಶಗಳ ನಡುವೆಯೂ ಲೆಕ್ಕ ಇದೇ. ಒಂದೇ ವ್ಯತ್ಯಾಸ, ಅಲ್ಲಿ ಉತಾರ ಬರೆಯುವ ತಲಾಟಿ ಇಲ್ಲ. ಊರಿನ ಪ್ರತಿ ಮನೆಯವರೂ ತಮ್ಮದೇ ಒಂದು ಉತಾರ ಬರೆದಿಟ್ಟುಕೊಂಡರೆ ಹೇಗಿರುತ್ತದೆ? ಹಾಗಿದೆ. ರಷ್ಯಾದ ಪುಸ್ತಕದಲ್ಲಿ ಕಾಬೂಲಿನ ಮಾಲೀಕ ತಾಲಿಬಾನ್. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪುಸ್ತಕದಲ್ಲಿ ಇನ್ನೂ ತಾಲಿಬಾನಿಗಿಂತ ಮೊದಲಿದ್ದ ಹಳೆಯ ಗಣರಾಜ್ಯದ ಹೆಸರು. ಭಾರತದ ಪುಸ್ತಕದಲ್ಲಿ ಆ ಕಾಲಂ ಖಾಲಿ.

ದೇಶವನ್ನು ಒಪ್ಪುವುದು ಬೇರೆ, ಸರ್ಕಾರವನ್ನು ಒಪ್ಪುವುದು ಬೇರೆ. ಪೇಪರುಗಳಲ್ಲಿ ಎರಡೂ ಕಲಸಿಹೋಗುತ್ತವೆ. 1971ರ ಡಿಸೆಂಬರ್ 6ರಂದು ಭಾರತ ಬಾಂಗ್ಲಾದೇಶವನ್ನು ಒಪ್ಪಿತು. ಭೂತಾನ್ ಕೂಡ ಅದೇ ದಿನ ಒಪ್ಪಿತು. ಪಾಕಿಸ್ತಾನ ಒಪ್ಪಿದ್ದು 1974ರ ಫೆಬ್ರವರಿಯಲ್ಲಿ. ಅದು ಹೊಸ ದೇಶದ ಹುಟ್ಟು, ಅಂದರೆ ಹಿಸ್ಸೆ ಆದ ಹೊಲಕ್ಕೆ ಹೊಸ ಸರ್ವೆ ನಂಬರ್ ಕೊಟ್ಟ ಹಾಗೆ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ ಪ್ಯಾಲೆಸ್ಟೀನನ್ನು ಒಪ್ಪಿದ್ದೂ ಈ ಬಗೆಯದೇ. ಭಾರತ ಆ ಕೆಲಸ 1988ರಲ್ಲೇ ಮಾಡಿತ್ತು. ಅಫ್ಗಾನಿಸ್ತಾನದ ತಕರಾರು ಇದಲ್ಲ. ಆ ದೇಶ ಇದೆ ಎನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಸರ್ವೆ ನಂಬರ್ ಹಳೆಯದೇ, ತಕರಾರು ಮಾಲೀಕನ ಕಾಲಂನಲ್ಲಿ.

ಇನ್ನೊಂದು ಮಾತು. ಸರ್ಕಾರ ಬದಲಾದಾಗ ಬಹಳ ಸಲ ಮಾನ್ಯತೆಯ ಮಾತನ್ನೇ ಯಾರೂ ಎತ್ತುವುದಿಲ್ಲ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಢಾಕಾ ಬಿಟ್ಟು ಭಾರತಕ್ಕೆ ಬಂದರು. ಆಗಸ್ಟ್ 8ರಂದು ಮುಹಮ್ಮದ್ ಯೂನುಸ್ ಮಧ್ಯಂತರ ಸರ್ಕಾರದ ಮುಖ್ಯಸ್ಥರಾಗಿ ಪ್ರಮಾಣ ಮಾಡಿದರು. ಪ್ರಧಾನಿ ಮೋದಿ ಶುಭ ಹಾರೈಸಿದರು. ಅಷ್ಟೇ, ಮುಗಿಯಿತು. ಹಸೀನಾ ಇಲ್ಲೇ ಇದ್ದರೂ ದಿಲ್ಲಿಯ ಬಾಂಗ್ಲಾ ಹೈಕಮಿಷನ್ ಢಾಕಾದ ಹೊಸ ಸರ್ಕಾರದ ಮಾತು ಕೇಳಿಕೊಂಡು ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಸುಶೀಲಾ ಕಾರ್ಕಿ ಬಂದಾಗಲೂ ಅಭಿನಂದನೆಯೇ ಮಾನ್ಯತೆ ಆಯಿತು. ಬಂದೂಕಿನಿಂದ ಸರ್ಕಾರ ಬಂದು, ಹೊರದೇಶಗಳಲ್ಲಿ ಹಳೆಯ ಸರ್ಕಾರದ ಜನ ಇನ್ನೂ ಕುರ್ಚಿ ಹಿಡಿದು ಕೂತಿದ್ದಾಗ ಮಾತ್ರ ಈ ಪ್ರಶ್ನೆ ಮುಳ್ಳಾಗುತ್ತದೆ.

ಚನ್ನಮ್ಮ ಸರ್ಕಲ್ ದಾಟುವಾಗ

ಮಾನ್ಯತೆ ಎಂಬ ಪದ ನಮ್ಮ ಭಾಗಕ್ಕೆ ಹೊಸದಲ್ಲ. ಅದರ ಬೆಲೆ ನಾವು ರಕ್ತದಲ್ಲಿ ಕೊಟ್ಟವರು. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ ದಾಟುವಾಗ ಆ ಕುದುರೆ ಮೇಲಿನ ಮೂರ್ತಿ ನೋಡುತ್ತೇವಲ್ಲ, ಆ ಕಥೆಯ ತಿರುಳೇ ಮಾನ್ಯತೆ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಮನೆತನದವರು ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ. ಒಪ್ಪದೆ ಸುಮ್ನೆ ಕೂರಲೂ ಇಲ್ಲ. ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕಿತ್ತೂರಿನ ಖಜಾನೆಗೆ ಮುದ್ರೆ ಒತ್ತಿಸಿ ಕಾವಲು ಹಾಕಿದ್ದು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧ ನಡೆದು ಥ್ಯಾಕರೆ ಸತ್ತ. ಅವನ ಸಮಾಧಿ ಧಾರವಾಡದಲ್ಲಿದೆ.

ಮೂವತ್ನಾಲ್ಕು ವರ್ಷದ ಮೇಲೆ ಗದಗ ಜಿಲ್ಲೆಯ ನರಗುಂದದಲ್ಲಿ ಅದೇ ಕಥೆ. ಅಲ್ಲಿಯ ದೊರೆ ಬಾಬಾಸಾಹೇಬರ ದತ್ತು ಕೋರಿಕೆಯನ್ನು ಈಸ್ಟ್ ಇಂಡಿಯಾ ಕಂಪನಿ ತಳ್ಳಿಹಾಕಿತ್ತು. 1858ರ ಮೇನಲ್ಲಿ ದಂಗೆ, ಬ್ರಿಟಿಷ್ ಏಜೆಂಟ್ ಮ್ಯಾನ್ಸನ್‌ನ ಕೊಲೆ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು.

ಕಿತ್ತೂರು, ನರಗುಂದವನ್ನು ತಾಲಿಬಾನ್ ಜೊತೆ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಾನು ಹೇಳುವುದು ಥ್ಯಾಕರೆಯ ಮುದ್ರೆಯ ಬಗ್ಗೆ. "ನಿಮ್ಮನ್ನು ಒಪ್ಪುವುದಿಲ್ಲ" ಎಂದು ಬಲಶಾಲಿ ಹೇಳಿದಾಗ ಆ ಮಾತಿನ ಹಿಂದೆ ಒಂದು ಬೀಗದ ಕೈ ಇರುತ್ತದೆ. ಕಾಬೂಲಿನ ವಿಷಯದಲ್ಲಿ ಇಂಥ ಕೀಲಿಕೈಗಳು ಮೂರು. ಒಂದು ಮನೆಯದು, ಅಂದರೆ ರಾಯಭಾರ ಕಚೇರಿಯದು. ಇನ್ನೊಂದು ಖಜಾನೆಯದು. ಮೂರನೆಯದು ವಿಶ್ವಸಂಸ್ಥೆಯ ಕುರ್ಚಿಯದು. ಮೂರೂ ಒಂದೇ ಗೊಂಚಲಲ್ಲಿ ಇರುವುದಿಲ್ಲ ಎನ್ನುವುದೇ ಈ ಆಟದ ಗುಟ್ಟು.

ದಿಲ್ಲಿಯ ಮನೆ

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ನುಗ್ಗಿತು. ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟರು. ಎರಡೇ ದಿನದಲ್ಲಿ ಭಾರತ ತನ್ನ ಸಿಬ್ಬಂದಿಯನ್ನು ವಾಪಸ್ ಕರೆಸಿಕೊಂಡಿತು. ಆದರೆ ದಿಲ್ಲಿಯಲ್ಲಿದ್ದ ಅಫ್ಗನ್ ರಾಯಭಾರಿ ಫರೀದ್ ಮಾಮುಂದ್ಝೈ ಎಲ್ಲಿಗೆ ಹೋಗಬೇಕು? ಅವರನ್ನು ಕಳಿಸಿದ ಸರ್ಕಾರವೇ ಈಗ ಇಲ್ಲ. ಎರಡು ವರ್ಷ ಅವರು ಹಾಗೇ ಕಚೇರಿ ನಡೆಸಿದರು. ಕಾಬೂಲಿನಿಂದ ಸಂಬಳ ಬರುವ ಹಾಗಿಲ್ಲ, ಅಲ್ಲಿಯ ಮಾತು ಇವರು ಕೇಳುವ ಹಾಗಿಲ್ಲ.

ಇಂಥ ಕಚೇರಿಯ ಕೆಲಸ ಏನು ಎಂದು ಕೇಳಬಹುದು. ಭಾರತದಲ್ಲಿ ಓದುವ ಅಫ್ಗನ್ ವಿದ್ಯಾರ್ಥಿಗಳನ್ನು ಕೇಳಿ. ಧಾರವಾಡಕ್ಕೂ ಕೆಲವರು ಓದಲು ಬಂದವರಿದ್ದರು. ಪಾಸ್‌ಪೋರ್ಟ್ ಅವಧಿ ಮುಗಿದರೆ, ಅಂಕಪಟ್ಟಿಗೆ ದೃಢೀಕರಣ ಬೇಕಾದರೆ, ಮನೆಗೆ ಹೋಗದೆ ಇಲ್ಲೇ ಉಳಿಯಲು ಕಾಗದ ಬೇಕಾದರೆ ಅವರು ಹೋಗುವುದು ತಮ್ಮ ದೇಶದ ಕಚೇರಿಗೇ. ಅಲ್ಲಿ ಕೂತವರ ಸಹಿ ನಡೆಯುತ್ತದೋ ಇಲ್ಲವೋ ಎನ್ನುವುದೇ ಆ ಹುಡುಗರ ಪಾಲಿಗೆ ಮಾನ್ಯತೆ. ಉಳಿದದ್ದೆಲ್ಲ ದೊಡ್ಡವರ ಭಾಷಣ.

2023ರ ಅಕ್ಟೋಬರ್ 1ರಿಂದ ದಿಲ್ಲಿಯ ಅಫ್ಗನ್ ರಾಯಭಾರ ಕಚೇರಿ ಕೆಲಸ ನಿಲ್ಲಿಸಿತು. ಆತಿಥೇಯ ಸರ್ಕಾರದ ಬೆಂಬಲ ಇಲ್ಲ, ಹಣ ಇಲ್ಲ, ಜನ ಇಲ್ಲ ಎಂದು ಕಾರಣ ಕೊಟ್ಟರು. ನವೆಂಬರ್‌ನಲ್ಲಿ ಶಾಶ್ವತವಾಗಿ ಮುಚ್ಚಿದ್ದೇವೆ ಎಂದರು. ಮುಂಬೈ ಮತ್ತು ಹೈದರಾಬಾದ್ ಕಾನ್ಸುಲೇಟಿನವರು ಮಾತ್ರ ನಾವು ಕೆಲಸ ಮುಂದುವರಿಸುತ್ತೇವೆ ಎಂದರು. ಮನೆತನದ ಹಿರಿಯ ಮಗ ಬಾಗಿಲು ಹಾಕಿದ, ತಮ್ಮಂದಿರು ಅಂಗಡಿ ತೆರೆದಿಟ್ಟರು. 2024ರ ನವೆಂಬರ್‌ನಲ್ಲಿ ತಾಲಿಬಾನ್ ಮುಂಬೈಗೆ ತನ್ನವರೊಬ್ಬರನ್ನು ಹಂಗಾಮಿ ಕಾನ್ಸುಲ್ ಎಂದು ನೇಮಿಸಿತು. ಅವರು ಭಾರತದಲ್ಲೇ ಓದಿದವರು. ದಿಲ್ಲಿ ಇದಕ್ಕೆ ಸಂಭ್ರಮವನ್ನೂ ಪಡಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ.

ಒಂದು ವಿಚಿತ್ರ ನೆನಪಿಸಿಕೊಳ್ಳಿ. ಕಚೇರಿ ಮುಚ್ಚಿದ ಅದೇ ಅಕ್ಟೋಬರ್‌ನ 15ರಂದು, ಅದೇ ದಿಲ್ಲಿಯಲ್ಲಿ, ವಿಶ್ವಕಪ್ ಕ್ರಿಕೆಟ್‌ನಲ್ಲಿ ಅಫ್ಗಾನಿಸ್ತಾನ ಇಂಗ್ಲೆಂಡನ್ನು 69 ರನ್‌ಗಳಿಂದ ಸೋಲಿಸಿತು. ಮೈದಾನದಲ್ಲಿ ಹಾರಿದ್ದು ಕಪ್ಪು, ಕೆಂಪು, ಹಸಿರಿನ ಹಳೆಯ ಗಣರಾಜ್ಯದ ಧ್ವಜ. ರಶೀದ್ ಖಾನ್‌ಗೆ ನಾವೆಲ್ಲ ಚಪ್ಪಾಳೆ ಹೊಡೆದೆವು. ಯಾವ ಸರ್ಕಾರದ ತಂಡಕ್ಕೆ ಹೊಡೆದೆವು ಅಂತ ಯಾರೂ ಕೇಳಲಿಲ್ಲ.

ಧ್ವಜದ ಮಾತು ಬಂತು, ಹುಬ್ಬಳ್ಳಿಯವರು ಇದರಲ್ಲಿ ಎರಡು ಮಾತು ಜಾಸ್ತಿ ಆಡಬಹುದು. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೊಲಿದ ತ್ರಿವರ್ಣ ಧ್ವಜ ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತದೆ, ವಿದೇಶದ ನಮ್ಮ ರಾಯಭಾರ ಕಚೇರಿಗಳಿಗೂ ಹೋಗುತ್ತದೆ. ಧಾರವಾಡದ ಪಕ್ಕದ ಗರಗ ಧ್ವಜದ ಬಟ್ಟೆ ನೇಯ್ದ ಊರು. ಧ್ವಜ ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ಸಣ್ಣದು 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲ. ಅದು ಮೇಜಿನ ಮೇಲೆ ಇಡುವ ಧ್ವಜ. ಎರಡು ದೇಶಗಳ ಮಾತುಕತೆಯ ಫೋಟೋದಲ್ಲಿ ಕಾಣುವುದು ಇಂಥವೇ. ಅಂಗೈಯಷ್ಟು ಬಟ್ಟೆ. ಆದರೆ ನಮ್ಮದು ಇಟ್ಟ ಮೇಲೆ ಎದುರಿನವರದೂ ಇಡಬೇಕಲ್ವಾ? ಇಟ್ಟರೆ ಯಾವುದು? ಮೂರು ಬಣ್ಣದ್ದು ಇಟ್ಟರೆ ಬಂದ ಅತಿಥಿ ಎದ್ದು ಹೋಗುತ್ತಾನೆ. ತಾಲಿಬಾನಿನ ಬಿಳಿ ಧ್ವಜ ಇಟ್ಟರೆ ನಾವೇ ಉತಾರಕ್ಕೆ ಸಹಿ ಹಾಕಿದ ಹಾಗೆ.

2025ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ದುಬೈನಲ್ಲಿ ಮುತ್ತಕಿಯನ್ನು ಕಂಡಾಗ ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಯಾವ ಧ್ವಜವನ್ನೂ ಇಡಲಿಲ್ಲ, ನಮ್ಮದನ್ನೂ. ಅಕ್ಟೋಬರ್‌ನಲ್ಲಿ ಮುತ್ತಕಿ ದಿಲ್ಲಿಗೇ ಬಂದರು. ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿ ಅವರ ಹೆಸರಿದೆ. ಹಾಗಾಗಿ ಈ ಪ್ರಯಾಣಕ್ಕೆ ಭದ್ರತಾ ಮಂಡಳಿಯ ಸಮಿತಿ ವಿಶೇಷ ಅನುಮತಿ ಕೊಡಬೇಕಾಯಿತು. ಅಕ್ಟೋಬರ್ 10ರಂದು ಅವರು ಅಫ್ಗನ್ ರಾಯಭಾರ ಕಚೇರಿಯಲ್ಲಿ ಪತ್ರಿಕಾಗೋಷ್ಠಿ ಮಾಡಿದರು. ಕಟ್ಟಡದ ಮೇಲೆ ಹಳೆಯ ಧ್ವಜ, ಅವರ ಮೇಜಿನ ಮೇಲೆ ಹೊಸ ಧ್ವಜ. ಬೆನ್ನ ಹಿಂದಿನ ಗೋಡೆಯಲ್ಲಿ ಬಾಮಿಯಾನ್ ಬುದ್ಧನ ಚಿತ್ರ. ಆ ಬುದ್ಧನನ್ನು 2001ರಲ್ಲಿ ಸ್ಫೋಟಿಸಿದವರು ಇದೇ ತಾಲಿಬಾನಿನವರು. ಯಾವ ನಾಟಕ ಕಂಪನಿಯೂ ಇಂಥ ಸೀನು ಕಟ್ಟಲಾರದು.

ಆ ಗೋಷ್ಠಿಗೆ ಒಬ್ಬ ಪತ್ರಕರ್ತೆಯನ್ನೂ ಬಿಡಲಿಲ್ಲ. ಗದ್ದಲ ಎದ್ದ ಮೇಲೆ ನಮ್ಮ ವಿದೇಶಾಂಗ ಇಲಾಖೆ ಇದರಲ್ಲಿ ನಮ್ಮ ಪಾತ್ರ ಇಲ್ಲ ಎಂದಿತು. ಕಾನೂನಿನ ಪ್ರಕಾರ ಅದು ಸರಿ. 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯಂತೆ ರಾಯಭಾರ ಕಚೇರಿಯ ಒಳಗೆ ಆತಿಥೇಯ ದೇಶದ ಅಧಿಕಾರಿಗಳು ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. ಆದರೆ ಆ ಕಚೇರಿಯ ಯಜಮಾನ ಯಾರು ಎಂದು ನಾವು ಇನ್ನೂ ಬಾಯಿ ಬಿಟ್ಟು ಹೇಳಿಲ್ಲ. ಹಾಗಿರುವಾಗ ಯಾರ ಒಪ್ಪಿಗೆ? ಮನೆಯ ಕೀಲಿ ಯಾರ ಕೈಗೆ ಹೋಗಿದೆ ಎನ್ನುವುದು ಆವತ್ತು ಬಾಗಿಲ ಹೊರಗೆ ನಿಂತ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಎರಡು ದಿನ ಬಿಟ್ಟು ಇನ್ನೊಂದು ಗೋಷ್ಠಿ ಕರೆದರು, ಅದಕ್ಕೆ ಪತ್ರಕರ್ತೆಯರೂ ಬಂದರು, ಮುಂದಿನ ಸಾಲಿನಲ್ಲೇ ಕೂತರು. ಒತ್ತಡಕ್ಕೆ ಅವರು ಬಗ್ಗುತ್ತಾರೆ ಎನ್ನುವುದಕ್ಕೆ ಅದೊಂದು ಸಣ್ಣ ಸಾಕ್ಷಿ. ಈ ಸಾಕ್ಷಿಗೆ ಮತ್ತೆ ಬರುತ್ತೇನೆ.

ಅದೇ ಅಕ್ಟೋಬರ್ 21ರಂದು ಕಾಬೂಲಿನ ನಮ್ಮ "ತಾಂತ್ರಿಕ ತಂಡ"ಕ್ಕೆ ರಾಯಭಾರ ಕಚೇರಿಯ ಸ್ಥಾನ ಮರಳಿ ಸಿಕ್ಕಿತು. ಆ ತಂಡ ಅಲ್ಲಿಗೆ ಹೋದದ್ದು 2022ರ ಜೂನ್‌ನಲ್ಲಿ. ಈಗ ಬೋರ್ಡು ಬದಲಾಯಿತು. ಆದರೆ ಒಳಗೆ ಕೂತವರು ರಾಯಭಾರಿ ಅಲ್ಲ, ಉಸ್ತುವಾರಿ ಅಧಿಕಾರಿ. ರಾಜತಾಂತ್ರಿಕರ ಭಾಷೆಯಲ್ಲಿ ಶಾರ್ಜೆ ದಫೇರ್. ಕೇಳಲು ಸಣ್ಣ ವ್ಯತ್ಯಾಸ, ಇಡೀ ಕಥೆ ಇರುವುದು ಅಲ್ಲೇ. ರಾಯಭಾರಿಯನ್ನು ಕಳಿಸುವಾಗ ನಮ್ಮ ರಾಷ್ಟ್ರಪತಿ ಆ ದೇಶದ ಮುಖ್ಯಸ್ಥರ ಹೆಸರಿಗೆ ಅಧಿಕಾರಪತ್ರ ಬರೆದು ಕೊಡುತ್ತಾರೆ. ಉಸ್ತುವಾರಿ ಅಧಿಕಾರಿಗೆ ಆ ಪತ್ರ ಬೇಡ, ಒಂದು ವಿದೇಶಾಂಗ ಇಲಾಖೆಯಿಂದ ಇನ್ನೊಂದಕ್ಕೆ ಚೀಟಿ ಹೋದರೆ ಸಾಕು. ಅಂದರೆ ತಾಲಿಬಾನಿನ ಪರಮೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಜಾದಾ ಹೆಸರನ್ನು ಲಕೋಟೆಯ ಮೇಲೆ ಬರೆಯದೆಯೇ ನಾವು ಕಾಬೂಲಿನಲ್ಲಿ ಕಚೇರಿ ತೆರೆದೆವು.

ಚೀನಾ ಇನ್ನೊಂದು ದಾರಿ ಹಿಡಿಯಿತು. 2024ರ ಜನವರಿಯಲ್ಲಿ ತಾಲಿಬಾನ್ ರಾಯಭಾರಿಯ ಅಧಿಕಾರಪತ್ರವನ್ನು ಷಿ ಜಿನ್‌ಪಿಂಗ್ ಕೈಯಾರೆ ತೆಗೆದುಕೊಂಡರು, ಬಾಯಲ್ಲಿ ಮಾತ್ರ ಮಾನ್ಯತೆ ಎನ್ನಲಿಲ್ಲ. 2025ರ ಜುಲೈ 3ರಂದು ರಷ್ಯಾ ಬಾಯಲ್ಲೂ ಹೇಳಿತು. ಹಾಗೆ ಹೇಳಿದ ಮೊದಲ ದೇಶ ಅದು. ಐದೇ ದಿನಕ್ಕೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದೇ ಅಖುಂದ್‌ಜಾದಾ ಮೇಲೆ ಬಂಧನ ವಾರಂಟ್ ಹೊರಡಿಸಿತು. ಆರೋಪ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ.

ಖಜಾನೆ

ಥ್ಯಾಕರೆ ಖಜಾನೆಗೆ ಮುದ್ರೆ ಒತ್ತಿಸಿದ ಕಥೆ ಕಾಬೂಲ್ ಬಿದ್ದ ವಾರವೇ ಮತ್ತೆ ನಡೆಯಿತು. ಅಫ್ಗಾನಿಸ್ತಾನದ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಅಮೆರಿಕದಲ್ಲಿತ್ತು. ಅಮೆರಿಕ ಅದನ್ನು ತಡೆಹಿಡಿಯಿತು. 2022ರಲ್ಲಿ ಅರ್ಧವನ್ನು, ಅಂದರೆ 350 ಕೋಟಿ ಡಾಲರನ್ನು, ಸ್ವಿಟ್ಜರ್ಲೆಂಡಿನಲ್ಲಿ ಒಂದು ನಿಧಿ ಮಾಡಿ ಅಲ್ಲಿಗೆ ಸಾಗಿಸಿತು. ಅದು ಅಫ್ಗನ್ ಜನರ ದುಡ್ಡು. ತಾಲಿಬಾನ್ ಕೈಗೆ ಕೊಡಲು ಯಾರಿಗೂ ಮನಸ್ಸಿಲ್ಲ, ಅದು ಅರ್ಥವಾಗುತ್ತದೆ. ಆದರೆ ಬ್ಯಾಂಕ್ ವ್ಯವಹಾರ ನಿಂತು ಹೋದಾಗ ಮೊದಲು ಸಂಬಳ ನಿಂತದ್ದು ಶಿಕ್ಷಕರದು, ನರ್ಸುಗಳದು.

ವೆನೆಜುವೆಲಾದ ಬಂಗಾರದ ಕಥೆ ಇದಕ್ಕಿಂತ ರುಚಿ. ಆ ದೇಶದ ಸುಮಾರು 31 ಟನ್ ಬಂಗಾರ ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಯಲ್ಲಿತ್ತು. 2019ರ ಜನವರಿಯಲ್ಲಿ ವಿರೋಧ ಪಕ್ಷದ ಹ್ವಾನ್ ಗ್ವಾಯ್ಡೊ ನಾನೇ ಹಂಗಾಮಿ ಅಧ್ಯಕ್ಷ ಎಂದರು. ಬ್ರಿಟನ್, ಅಮೆರಿಕ ಸೇರಿ ಐವತ್ತಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಅವರ ಕೈಯಲ್ಲಿ ಸೈನ್ಯ ಇಲ್ಲ, ಪೊಲೀಸ್ ಇಲ್ಲ, ಒಂದು ಸರ್ಕಾರಿ ಕಟ್ಟಡವೂ ಇಲ್ಲ. ಅಧ್ಯಕ್ಷರ ಅರಮನೆಯಲ್ಲಿ ಮಡುರೊ ಕೂತಿದ್ದರು. ಬಂಗಾರ ಯಾರಿಗೆ ಕೊಡಬೇಕು ಎಂಬ ವ್ಯಾಜ್ಯ ಲಂಡನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಅಧ್ಯಕ್ಷ ಯಾರು ಎನ್ನುವುದನ್ನು ಬ್ರಿಟನ್ ಸರ್ಕಾರ ಹೇಳಿದಂತೆ ನಾವು ಕೇಳಬೇಕು ಎಂದು 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ವರ್ಷ ಕಳೆಯುವಷ್ಟರಲ್ಲಿ ಗ್ವಾಯ್ಡೊ ಬೆಂಬಲಿಗರೇ ಆ ಹಂಗಾಮಿ ಸರ್ಕಾರವನ್ನು ಮುಚ್ಚಿಬಿಟ್ಟರು. ಬರೀ ಉತಾರ ಇದ್ದು ಹೊಲ ಇಲ್ಲದವನ ಪಾಡು ಅದು.

ಬರೀ ಉತಾರದ ಇನ್ನೊಂದು ಉದಾಹರಣೆ ನಮ್ಮದೇ. 1943ರ ಅಕ್ಟೋಬರ್ 21ರಂದು ಸುಭಾಷ್‌ಚಂದ್ರ ಬೋಸ್ ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದರು. ಜಪಾನ್, ಜರ್ಮನಿ, ಇಟಲಿ ಸೇರಿ ಒಂಬತ್ತು ಸರ್ಕಾರಗಳು ಒಪ್ಪಿದವು. ಒಪ್ಪಿದವರಲ್ಲಿ ಚೀನಾದ ನೆಲದಲ್ಲಿ ಜಪಾನ್ ಕಟ್ಟಿದ್ದ ಮಂಚುಕುವೋದಂಥ, ಸ್ವತಃ ಯಾರೂ ಸರಿಯಾಗಿ ಒಪ್ಪದ ಸರ್ಕಾರಗಳೂ ಇದ್ದವು. ಯುದ್ಧದಲ್ಲಿ ಒಪ್ಪಿದವರು ಸೋತರು, ಆ ಮಾನ್ಯತೆಯೂ ಅವರ ಜೊತೆ ಹೋಯಿತು.

ಇನ್ನು ಕಬ್ಜೆಯಲ್ಲಿದ್ದವನು ಮಾಡಿದ ಸಾಲ ಯಾರು ತೀರಿಸಬೇಕು? ಕೋಸ್ಟರಿಕಾದಲ್ಲಿ 1917ರಲ್ಲಿ ಟಿನೋಕೊ ಎಂಬಾತ ದಂಗೆ ಎದ್ದು ಅಧಿಕಾರ ಹಿಡಿದ, 1919ರಲ್ಲಿ ಓಡಿಹೋದ. ಅವನ ಕಾಲದ ಒಪ್ಪಂದಗಳನ್ನು ಮುಂದಿನ ಸರ್ಕಾರ ರದ್ದು ಮಾಡಿತು. ನಮ್ಮ ಕಂಪನಿಗಳ ದುಡ್ಡು ಹೋಯಿತು ಎಂದು ಬ್ರಿಟನ್ ತಕರಾರು ತೆಗೆಯಿತು. ತಮಾಷೆ ಎಂದರೆ ಬ್ರಿಟನ್ ಟಿನೋಕೊನನ್ನು ಒಪ್ಪಿಯೇ ಇರಲಿಲ್ಲ. 1923ರಲ್ಲಿ ಪಂಚಾಯಿತಿ ಮಾಡಿದವರು ಅಮೆರಿಕದ ಮಾಜಿ ಅಧ್ಯಕ್ಷ ಟ್ಯಾಫ್ಟ್. ಅವರು ಬ್ರಿಟನ್ ಕೇಳಿದ ದುಡ್ಡು ಕೊಡಿಸಲಿಲ್ಲ. ಆದರೆ ಒಂದು ಮಾತು ಹೇಳಿದರು. ಒಪ್ಪಲಿ ಬಿಡಲಿ, ಎರಡು ವರ್ಷ ದೇಶ ಆಳಿದವನು ಟಿನೋಕೊನೇ, ಅವನದು ಸರ್ಕಾರವೇ ಆಗಿತ್ತು. ಇವತ್ತಿಗೂ ಕಾನೂನು ಓದುವ ಹುಡುಗರು ಈ ತೀರ್ಪು ಬಾಯಿಪಾಠ ಮಾಡುತ್ತಾರೆ.

ನ್ಯೂಯಾರ್ಕಿನ ಕುರ್ಚಿ

ಮೂರನೇ ಕೀಲಿ ವಿಶ್ವಸಂಸ್ಥೆಯಲ್ಲಿದೆ. ಅಲ್ಲಿ ಪ್ರತಿ ವರ್ಷ ಒಂಬತ್ತು ದೇಶಗಳ ಒಂದು ಸಮಿತಿ ಪ್ರತಿನಿಧಿಗಳ ಅಧಿಕಾರಪತ್ರ ನೋಡುತ್ತದೆ. ತಕರಾರು ಬಂದರೆ ಅದಕ್ಕೆ ಇಷ್ಟವಾದ ದಾರಿ ಮುಂದೂಡುವುದು. ಮುಂದೂಡಿದಷ್ಟು ದಿನ ಹಳಬರೇ ಕುರ್ಚಿಯಲ್ಲಿ. ತಾಲಿಬಾನ್ 2021ರಲ್ಲಿ ಸುಹೈಲ್ ಶಾಹೀನ್ ಹೆಸರು ಕೊಟ್ಟು ಕುರ್ಚಿ ಕೇಳಿತು, ಸಮಿತಿ ಮುಂದೂಡಿತು, ಮತ್ತೆ ಮತ್ತೆ ಮುಂದೂಡಿತು. ಮ್ಯಾನ್ಮಾರ್‌ನದೂ ಅದೇ ಕಥೆ. 2021ರ ಫೆಬ್ರವರಿ 1ರಂದು ಅಲ್ಲಿ ಸೈನ್ಯ ಅಧಿಕಾರ ಕಸಿಯಿತು. ಫೆಬ್ರವರಿ 26ರಂದು ಆ ದೇಶದ ಪ್ರತಿನಿಧಿ ಚೊ ಮೊ ಟುನ್ ಮಹಾಸಭೆಯಲ್ಲಿ ನಿಂತು ಸೈನ್ಯವನ್ನು ಖಂಡಿಸಿ, ಪ್ರತಿಭಟನೆಯ ಗುರುತಾಗಿ ಮೂರು ಬೆರಳು ಎತ್ತಿದರು. ಮರುದಿನವೇ ಸೈನ್ಯ ಅವರನ್ನು ವಜಾ ಮಾಡಿತು. ಆದರೆ ಕುರ್ಚಿ ಅವರ ಬಳಿಯೇ ಉಳಿಯಿತು. ಲಂಡನ್ನಿನಲ್ಲಿ ಮಾತ್ರ ಉಲ್ಟಾ ಆಯಿತು. ಸೈನ್ಯವನ್ನು ಟೀಕಿಸಿದ ಮ್ಯಾನ್ಮಾರ್ ರಾಯಭಾರಿಯನ್ನು ಅವರ ಸಿಬ್ಬಂದಿಯೇ ಹೊರಗಿಟ್ಟು ಬಾಗಿಲು ಹಾಕಿದರು.

ಕುರ್ಚಿ ಹಿಡಿದು ಕೂರುವುದರಲ್ಲಿ ದಾಖಲೆ ತೈವಾನಿನದು. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಬಂತು. ಸೋತವರು ತೈವಾನಿಗೆ ಹೋದರು. ಆದರೂ 1971ರ ಅಕ್ಟೋಬರ್ 25ರವರೆಗೆ, ಇಪ್ಪತ್ತೆರಡು ವರ್ಷ, ವಿಶ್ವಸಂಸ್ಥೆಯಲ್ಲಿ ಚೀನಾ ಎಂದರೆ ತೈವಾನೇ. ವೀಟೋ ಅಧಿಕಾರ ಸಮೇತ! ಆ ದಿನ 76 ದೇಶ ಪರ, 35 ವಿರುದ್ಧ ಮತ ಹಾಕಿ ಬದಲಾಯಿಸಿದವು. ಭಾರತ ಪರ ಮತ ಹಾಕಿತು. 1962ರ ಯುದ್ಧದ ನೋವು ಇದ್ದೂ ಹಾಕಿತು. ಏಕೆಂದರೆ ಬೀಜಿಂಗನ್ನು ನಾವು 1949ರ ಡಿಸೆಂಬರ್ 30ರಂದೇ ಒಪ್ಪಿದ್ದೆವು.

ಎಲ್ಲಕ್ಕಿಂತ ನಾಚಿಕೆಯ ಕಥೆ ಕಾಂಬೋಡಿಯಾದು. ಅಲ್ಲಿ ಆಳುತ್ತಾ ಲಕ್ಷಾಂತರ ಜನರನ್ನು ಕೊಂದ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್ 1979ರ ಜನವರಿ 7ರಂದು ರಾಜಧಾನಿ ಕಳೆದುಕೊಂಡಿತು. ಅಲ್ಲಿ ಹೊಸ ಸರ್ಕಾರ ತಂದದ್ದು ವಿಯೆಟ್ನಾಂ ಸೈನ್ಯ. ವಿಯೆಟ್ನಾಂ ಮೇಲಿನ ಸಿಟ್ಟಿಗೆ ಚೀನಾ, ಅಮೆರಿಕ ಮತ್ತು ಅವರ ಗೆಳೆಯರು ಕೊಲೆಗಡುಕರ ಪ್ರತಿನಿಧಿಗೇ ವಿಶ್ವಸಂಸ್ಥೆಯ ಕುರ್ಚಿ ಉಳಿಸಿಕೊಟ್ಟರು. ಭಾರತ 1980ರ ಜುಲೈನಲ್ಲಿ ಹೊಸ ಸರ್ಕಾರವನ್ನು ಒಪ್ಪಿತು. ಆಗ ಬೈಸಿಕೊಂಡೆವು. ಈಗ ನೋಡಿದರೆ ನಾವು ಮಾಡಿದ್ದೇ ಸರಿ.

ಈ ಕಥೆಗಳನ್ನೆಲ್ಲ ಪಕ್ಕಪಕ್ಕ ಇಟ್ಟಾಗ ಮಾನ್ಯತೆ ಒಳ್ಳೆಯತನದ ಸರ್ಟಿಫಿಕೇಟ್ ಎಂಬ ಭ್ರಮೆ ನಿಲ್ಲುವುದಿಲ್ಲ. ಮೆಕ್ಸಿಕೋದ ವಿದೇಶಾಂಗ ಸಚಿವ ಎಸ್ಟ್ರಾಡಾ 1930ರಲ್ಲೇ ಇದಕ್ಕೆ ಬೇಸತ್ತು, ಬೇರೆಯವರ ಸರ್ಕಾರ ಒಪ್ಪುವ ಬಿಡುವ ಕೆಲಸವೇ ನಮಗೆ ಬೇಡ ಎಂದಿದ್ದರು. ಬ್ರಿಟನ್ ಕೂಡ 1980ರಲ್ಲಿ ಇನ್ನು ಮೇಲೆ ದೇಶಗಳನ್ನು ಮಾತ್ರ ಒಪ್ಪುತ್ತೇವೆ, ಸರ್ಕಾರಗಳನ್ನಲ್ಲ ಎಂದಿತು. ಗ್ವಾಯ್ಡೊ ಬಂದಾಗ ಆ ಮಾತು ಮರೆತಿತ್ತು, ಅದು ಬೇರೆ ವಿಷಯ.

ಉಳಿದಿರುವುದು ಒಂದೇ ಪದ

ಒಪ್ಪುವುದು ಮತ್ತು ಒಡನಾಡುವುದು ಬೇರೆ ಬೇರೆ ಎಂದು ಭಾರತದಷ್ಟು ಚೆನ್ನಾಗಿ ಕಲಿತ ದೇಶ ಕಡಿಮೆ. ಇಸ್ರೇಲನ್ನು ನಾವು 1950ರ ಸೆಪ್ಟೆಂಬರ್‌ನಲ್ಲೇ ಒಪ್ಪಿದೆವು. ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1992ರಲ್ಲಿ. ಉತಾರ ಬರೆದುಕೊಟ್ಟು ನಲವತ್ತೆರಡು ವರ್ಷ ಮನೆಗೆ ಹೋಗಲಿಲ್ಲ. ತೈವಾನನ್ನು ಇವತ್ತಿಗೂ ಒಪ್ಪಿಲ್ಲ, ಆದರೆ 1995ರಿಂದ ತೈಪೆಯಲ್ಲಿ ಒಂದು "ಅಸೋಸಿಯೇಷನ್" ಹೆಸರಿನಲ್ಲಿ ನಮ್ಮ ಕಚೇರಿ ಇದೆ. 1996ರಿಂದ 2001ರ ತಾಲಿಬಾನನ್ನು ಪಾಕಿಸ್ತಾನ, ಸೌದಿ, ಯುಎಇ ಬಿಟ್ಟು ಯಾರೂ ಒಪ್ಪಿರಲಿಲ್ಲ. ನಾವೂ ಇಲ್ಲ. ಆದರೆ 1999ರ ಡಿಸೆಂಬರ್‌ನಲ್ಲಿ ಅಪಹರಣವಾದ ನಮ್ಮ ವಿಮಾನ ಕಂದಹಾರದಲ್ಲಿ ನಿಂತಾಗ ಅವರ ಜೊತೆಯೇ ಮಾತಾಡಬೇಕಾಯಿತು. ಅಲ್ಲಿ ನಮ್ಮ ಕಚೇರಿ ಇರಲಿಲ್ಲ, ಕಣ್ಣು ಕಿವಿ ಇರಲಿಲ್ಲ. ಈಗ ಕಾಬೂಲಿನಲ್ಲಿ ಬಾಗಿಲು ತೆರೆದು ಇಟ್ಟುಕೊಳ್ಳುವ ಹಟದ ಹಿಂದೆ ಆ ನೆನಪಿದೆ ಎಂದು ನನ್ನ ಊಹೆ.

ಹಾಗಾಗಿ ಕಚೇರಿ ತೆರೆದದ್ದು ತಪ್ಪು ಎನ್ನಲಾರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಕಡೆಯ ಅಟ್ಟಾರಿ ಗಡಿ ಮುಚ್ಚಿದಾಗ ಆಚೆ ಸಿಕ್ಕಿಕೊಂಡ ಅಫ್ಗನ್ ಲಾರಿಗಳಲ್ಲಿ 160 ಲಾರಿಗಳನ್ನು ಮೇನಲ್ಲಿ ಒಳಗೆ ಬಿಟ್ಟರು. ಮಾನ್ಯತೆ ಇಲ್ಲದ ಸರ್ಕಾರದ ನಾಡಿನಿಂದ ಬಂದ ಒಣಹಣ್ಣು. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಗೆ ಅಲ್ಲಿಯ ಇಂಗು ಬೀಳುವುದಕ್ಕೆ ಯಾವ ಉತಾರವೂ ಬೇಕಿಲ್ಲ. ಓದುವ ಮಕ್ಕಳಿಗೆ, ಔಷಧಿಗೆ ಇಲ್ಲಿ ಬರುವ ರೋಗಿಗಳಿಗೆ ವೀಸಾ ಕೊಡಲು ಒಂದು ಕಿಟಕಿ ಬೇಕು. ಅದು ಸರಿ.

ನನ್ನ ತಕರಾರು ಬೇರೆ ಕಡೆ ಇದೆ. ಕಾನ್ಸುಲೇಟ್ ಕೊಟ್ಟೆವು. ಸಚಿವರಿಗೆ ಕೆಂಪು ಹಾಸು ಹಾಸಿದೆವು. ಕಾಬೂಲಿನಲ್ಲಿ ಬೋರ್ಡು ಬದಲಾಯಿಸಿದೆವು. ದಿಲ್ಲಿಗೆ ಅವರ ರಾಜತಾಂತ್ರಿಕರು ಬರಲು ಹಾದಿ ಮಾಡಿದೆವು. ಕೊಡಲು ಉಳಿದಿರುವುದು ಮಾನ್ಯತೆ ಎಂಬ ಒಂದು ಪದ. ಪ್ರತಿ ಮೆಟ್ಟಿಲಿಗೂ ಏನು ಕೇಳಿದೆವು ಎನ್ನುವುದು ಹೊರಗೆ ಬಂದಿಲ್ಲ. ನಮ್ಮ ವಿರುದ್ಧ ಅಫ್ಗನ್ ನೆಲ ಬಳಸಲು ಬಿಡುವುದಿಲ್ಲ ಎಂಬ ಮಾತು ಸಿಕ್ಕಿದೆ, ಅದು ದೊಡ್ಡದೇ. ಆದರೆ ಆರನೇ ತರಗತಿ ದಾಟಿದ ಹೆಣ್ಣುಮಕ್ಕಳಿಗೆ ಅಲ್ಲಿ ಶಾಲೆ ಇಲ್ಲ. ಹೈದರಾಬಾದಿನಿಂದ ಧಾರವಾಡದವರೆಗೆ ಅಫ್ಗನ್ ಮಕ್ಕಳಿಗೆ ಸೀಟು ಕೊಟ್ಟ ದೇಶ ಆ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಬಹುದಿತ್ತು. ಕೇಳಿದರೆ ಮುನಿಸಿಕೊಂಡು ಪಾಕಿಸ್ತಾನದ ಕಡೆ ಹೋಗುತ್ತಾರೆ ಎನ್ನುವವರಿದ್ದಾರೆ. ಪಾಕಿಸ್ತಾನದ ಜೊತೆ ಅವರು ಗುಂಡು ಹಾರಿಸಿಕೊಂಡದ್ದು ಮುತ್ತಕಿ ದಿಲ್ಲಿಯಲ್ಲಿದ್ದ ಅದೇ ವಾರ. ಗರಜು ನಮಗಷ್ಟೇ ಅಲ್ಲ, ಅವರಿಗೂ ಇದೆ. ಎರಡೇ ದಿನದಲ್ಲಿ ಪತ್ರಕರ್ತೆಯರಿಗೆ ಬಾಗಿಲು ತೆರೆಯಿತು ಅಲ್ವಾ? ಆ ಸಾಕ್ಷಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರ್ತಿ ಬೆಳೆ ಕೊಟ್ಟ ಮೇಲೆ ದರ ಮಾತಾಡುವ ವ್ಯಾಪಾರಿಯನ್ನು ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಕಂಡಿಲ್ಲ.

ಅಂಗಡಿಯ ಮಾಲೀಕರಿಗೆ ಮೊನ್ನೆ ಇಷ್ಟೂ ಹೇಳಿದೆ. ಅವರು ಇಂಗಿನ ಡಬ್ಬಿ ಮುಚ್ಚುತ್ತಾ, "ಹಂಗಾರ ಒಪ್ಪಿದ್ದು ಗೊತ್ತಾಗೂದು ಹೆಂಗ್ರಿ?" ಎಂದರು. ಪೇಪರಿನಲ್ಲಿ ಒಂದೇ ಪದ ನೋಡಿ ಎಂದೆ. ಕಾಬೂಲಿಗೆ ಭಾರತದ "ರಾಯಭಾರಿ" ಹೊರಟರು, ರಾಷ್ಟ್ರಪತಿಗಳ ಅಧಿಕಾರಪತ್ರ ಹಿಡಿದು ಹೊರಟರು ಎಂದು ಬಂದರೆ, ಆ ಲಕೋಟೆಯ ಮೇಲೆ ಯಾರ ಹೆಸರಿದೆ ಎಂದು ಕೇಳಿ. "ಉಸ್ತುವಾರಿ ಅಧಿಕಾರಿ" ಎಂದೇ ಬರುತ್ತಿದ್ದರೆ, ವಾರಸಾ, ಅಂದರೆ ಉತಾರದಲ್ಲಿ ಹೆಸರು ಬದಲಾವಣೆ, ಇನ್ನೂ ಆಗಿಲ್ಲ.